ನಾಲ್ಕನೇ ಜ್ವರ

ಕೆಂಚ ಮುದ್ದೆ ಮುಟ್ಟದ ದಿನ ನನ್ನ ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವು.

ರೇಷ್ಮೆ ಸಾಕುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹುಳು ಬೆಳೆಯುವಾಗ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮುಂಚೆ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಒಂದು ದಿನ, ಕೆಲವು ಸಲ ಎರಡು ದಿನ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಅದು ಕಾಯಿಲೆಯಲ್ಲ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಮುಟ್ಟಬಾರದು, ಹತ್ತಿರ ಹೋಗಿ ಗದ್ದಲ ಮಾಡಬಾರದು. ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಎಳೆದುಕೊಂಡು ಬರಬೇಕು, ಅಷ್ಟೇ. ಹುಳು ತಾನಾಗಿಯೇ ಏಳುತ್ತದೆ. ಎದ್ದ ಮೇಲೆ ಅದರ ಹಸಿವು ನೋಡಬೇಕು, ಹಾಕಿದಷ್ಟು ಸಾಲದು.

ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವ ನನಗೆ ಜ್ವರ ಎಂದರೆ ಕಾಯುವುದು. ಬೇರೆ ಅರ್ಥವೇ ತಲೆಗೆ ಬರುವುದಿಲ್ಲ.

ಕೆಂಚ ನನ್ನ ನಾಯಿ. ಐದು ವರ್ಷದ ಹಿಂದೆ ಹಲಗೂರು ಬಸ್‌ಸ್ಟಾಪಿನಲ್ಲಿ ನನ್ನ ಸೀರೆಯ ನೆರಿಗೆ ಕಚ್ಚಿ ಹಿಡಿದು ಬಿಡದೇ ಬಂದ ಮರಿ. ಮೈ ಕೆಂಚು, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ಅವನಿಗೆ ಇನ್ನೊಂದು ಹೆಸರೂ ಇದೆ. ನನ್ನ ಮನೆಗೂ ತಮ್ಮ ಪುಟ್ಟಸ್ವಾಮಿಯ ಮನೆಗೂ ನಡುವೆ ಎದೆಮಟ್ಟದ ಮೋಟುಗೋಡೆ. ಗೋಡೆಯ ಈಚೆ ಅವನು ಕೆಂಚ, ಆಚೆ ರಾಕಿ. ಈಚೆ ಮುದ್ದೆ, ಆಚೆ ಹಾಲು ಅನ್ನ. ಮೂರು ವರ್ಷದಿಂದ ಆ ಗೋಡೆ ದಾಟುತ್ತಿದ್ದವನು ಅವನೊಬ್ಬನೇ.

ಅಂದು ಬೆಳಿಗ್ಗೆ ತಟ್ಟೆಯ ಮುಂದೆ ನಿಂತು, ಮೂಸಿ, ಹಿಂದಕ್ಕೆ ಹೋಗಿ ಜಗಲಿಯ ಮೂಲೆಯಲ್ಲಿ ಮಲಗಿಬಿಟ್ಟ. ಮೂತಿಯನ್ನು ಮುಂಗಾಲಿನ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದ. ಕಿವಿ ಮುಟ್ಟಿದೆ. ಬಿಸಿ ಇತ್ತು.

"ನೀನೂ ಜ್ವರಕ್ಕೆ ಕೂತ್ಯಾ?" ಎಂದು ನಕ್ಕೆ. ನಾನೊಬ್ಬಳೇ ಇರುವ ಮನೆ. ನಾಯಿಯ ಜೊತೆ ಮಾತಾಡಿ ನಾನೇ ನಗುವುದು ನನಗೆ ಅಭ್ಯಾಸ. ಒಂದು ಗೋಣಿಚೀಲ ತಂದು ಹೊದಿಸಿ, ನೀರಿನ ಬೋಗುಣಿ ಹತ್ತಿರ ಇಟ್ಟು, ಹುಳು ಮನೆಗೆ ಹೋದೆ.

ಎರಡನೇ ದಿನವೂ ಹಾಗೇ ಮಲಗಿದ್ದ. ಹುಳುಗಳೂ ಹಾಗೇ ಇದ್ದವು. ಎರಡನ್ನೂ ನಾನು ಮುಟ್ಟಲಿಲ್ಲ. ಇದನ್ನು ಬರೆಯುವಾಗ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ನಾನು ದಡ್ಡಿಯಲ್ಲ. ಪಿಯುಸಿ ಓದಿದವಳು. ಮಂಡ್ಯದ ವಿ.ಸಿ. ಫಾರಂನಲ್ಲಿ ರೇಷ್ಮೆ ಟ್ರೈನಿಂಗ್ ಕೊಟ್ಟಾಗ ಮುಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಿದವಳು. ನಾಯಿ ಹುಳುವಲ್ಲ ಎಂಬುದು ಗೊತ್ತಿಲ್ಲವೇ? ಗೊತ್ತಿತ್ತು. ಆದರೂ ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಮಾತು ಒಳಗೆಲ್ಲೋ ಕೂತು ಕೆಲಸ ಮಾಡುತ್ತಿರುತ್ತದೆ. ಜ್ವರಕ್ಕೆ ಕೂತಿದ್ದಾನೆ, ಏಳುತ್ತಾನೆ ಎಂದುಕೊಂಡೆ. ಮನೆಯಲ್ಲಿ ಇನ್ನೊಬ್ಬರಿದ್ದಿದ್ದರೆ, ಏನಮ್ಮ ನಿನಗೆ ತಲೆ ಕೆಟ್ಟಿದೆಯಾ, ಎತ್ತಿಕೊಂಡು ಹೋಗು ಆಸ್ಪತ್ರೆಗೆ ಎಂದು ಬೈಯುತ್ತಿದ್ದರು. ಬೈಯುವವರಿರಲಿಲ್ಲ. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮಕ್ಕಳಿಲ್ಲ. ಅಪ್ಪ ಬಿಟ್ಟುಹೋದ ಹಿಪ್ಪುನೇರಳೆ ತೋಟ, ಈ ಮನೆ, ಹುಳು ಮನೆ. ಒಬ್ಬರೇ ಇದ್ದರೆ ಆಗುವ ದೊಡ್ಡ ನಷ್ಟ ಇದೇ, ತಪ್ಪು ಮಾಡುವಾಗ ತಡೆಯುವವರು ಇರುವುದಿಲ್ಲ.

ಉಣುಗಿನ ವಿಷಯ ಹೇಳಬೇಕು. ಕೆಂಚನಿಗೆ ಉಣುಗು ಇದ್ದದ್ದು ನನಗೆ ಗೊತ್ತಿತ್ತು. ಕಿವಿಯೊಳಗೆ, ಕತ್ತಿನಡಿ, ಬೆರಳಸಂದಿಯಲ್ಲಿ ಹರಳಿನ ಬೀಜದಂತೆ ಊದಿಕೊಂಡು ಕಚ್ಚಿಕೊಂಡಿರುತ್ತಿದ್ದವು. ಮಧ್ಯಾಹ್ನ ಊಟ ಆದ ಮೇಲೆ ಅವನನ್ನು ಕಾಲಮೇಲೆ ಹಾಕಿಕೊಂಡು ಒಂದೊಂದಾಗಿ ಕಿತ್ತು, ತೆಂಗಿನ ಚಿಪ್ಪಿನ ಉಪ್ಪುನೀರಿಗೆ ಹಾಕುತ್ತಿದ್ದೆ. ಇವತ್ತು ಕಿತ್ತಷ್ಟೇ ನಾಳೆ. ಊರಿನಲ್ಲಿ ಎಲ್ಲರೂ ಒಂದು ಔಷಧಿ ಹೇಳುತ್ತಿದ್ದರು. ಹಸುವಿಗೆ ಹಾಕುವುದು, ನೀರಿಗೆ ಬೆರೆಸಿ ಮೈಗೆ ಬಳಿಯುವುದು, ಒಂದೇ ದಿನದಲ್ಲಿ ಎಲ್ಲ ಉದುರುತ್ತವೆ ಎಂದು. ನಾನು ಹತ್ತಿರ ಸೇರಿಸಲಿಲ್ಲ. ಉಣುಗು ಸಾಯುವ ಔಷಧಿಗೆ ರೇಷ್ಮೆ ಹುಳುವೂ ಸಾಯುತ್ತದೆ. ನಾಯಿ ಮೈಗೆ ಹಾಕಿ, ಅದೇ ಕೈಯಲ್ಲಿ ಸೊಪ್ಪು ಮುಟ್ಟಿದರೆ ಮುಗಿಯಿತು. ಹುಳು ಮನೆಯವರು ತಲೆಗೆ ಘಮಘಮ ಎಣ್ಣೆ ಸಹ ಹಾಕುವುದಿಲ್ಲ, ಸೊಳ್ಳೆಬತ್ತಿ ಹಚ್ಚುವುದಿಲ್ಲ.

ನನಗೆ ಈ ಭಯ ಬೇರೆಯವರಿಗಿಂತ ಒಂದು ಕೈ ಹೆಚ್ಚು. ಮೂರು ವರ್ಷದ ಹಿಂದೆ ಪುಟ್ಟಸ್ವಾಮಿ ಅವನ ಟೊಮೇಟೊಗೆ ಔಷಧಿ ಹೊಡೆದ. ಗಾಳಿ ನನ್ನ ತೋಟದ ಕಡೆ ಇತ್ತು. ಮಾರನೇ ದಿನ ಆ ಸಾಲಿನ ಸೊಪ್ಪು ಕೊಯ್ದು ಹಾಕಿದೆ. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳು, ಹಸಿರು ನೀರು ಕಕ್ಕುತ್ತಾ, ಒದ್ದಾಡಿಕೊಂಡು, ಸಂಜೆಯೊಳಗೆ ಎಲ್ಲವೂ ಸತ್ತವು. ಬುಟ್ಟಿಗಟ್ಟಲೆ ಎತ್ತಿ ಗುಂಡಿಗೆ ಹಾಕಿದೆ. ಆಮೇಲೆ ಬೀದಿಯಲ್ಲಿ ನಿಂತು ತಮ್ಮನಿಗೆ ಆಡಬಾರದ ಮಾತು ಆಡಿದೆ. ನೀನು ನನ್ನ ಪಾಲಿಗೆ ಸತ್ತೆ ಎಂದೆ. ಅವನು "ಆ ಸಾಲು ಕುಯ್ಬೇಡ ಅಂತ ಅಮ್ಮಣ್ಣಿ ಕೈಲಿ ಏಳ್ಕಳ್ಸಿದ್ನಲ್ಲಕ್ಕ" ಎಂದ. ಅಮ್ಮಣ್ಣಿ ಅವನ ಹೆಂಡತಿ. ಹೇಳಿದ್ದಳೋ ಇಲ್ಲವೋ, ನನಗಂತೂ ಕೇಳಿಸಿರಲಿಲ್ಲ. ಅಂದಿನಿಂದ ಮಾತಿಲ್ಲ. ಒಂದೇ ಬೋರಿನ ನೀರು, ಒಂದೇ ಗೋಡೆ, ಒಂದೇ ನಾಯಿ. ಮಾತು ಮಾತ್ರ ಇಲ್ಲ.

ಮೂರನೇ ದಿನ ಬೆಳಿಗ್ಗೆ ಹುಳುಗಳು ಎದ್ದವು.

ಕೆಂಚ ಏಳಲಿಲ್ಲ.

ಗೋಣಿಚೀಲ ತೆಗೆದೆ. ಮೂಗಿನಿಂದ ರಕ್ತ ಬಂದು ಮುಂಗಾಲ ಮೇಲೆ ಒಣಗಿತ್ತು. ಇನ್ನೊಂದು ಹೊಳ್ಳೆಯಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ತುಟಿ ಎತ್ತಿ ನೋಡಿದೆ. ವಸಡು ಕೆಂಪಗಿರಬೇಕಲ್ಲ, ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು. ಹೊಟ್ಟೆಯ ಮೇಲೆ ಕೂದಲಿಲ್ಲದ ಕಡೆ ಕೆಂಪು ಚುಕ್ಕೆ ಎದ್ದಿದ್ದವು. ಹೆಸರು ಕರೆದೆ. ಬಾಲದ ತುದಿ ಮಾತ್ರ ಒಂದು ಸಲ ಅಲ್ಲಾಡಿತು.

ಫೋಟೊ ತೆಗೆದು ಸಿಂಚನಾಗೆ ಕಳಿಸಿದೆ. ಸಿಂಚನಾ ತಮ್ಮನ ಮಗಳು, ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅಪ್ಪನಿಗೆ ಗೊತ್ತಾಗದ ಹಾಗೆ ಆಗಾಗ ನನಗೆ ಮೆಸೇಜು ಹಾಕುತ್ತಾಳೆ. ಅವಳು ಫೋನಿನಲ್ಲಿ ಹುಡುಕಿ ತಕ್ಷಣ ಕರೆ ಮಾಡಿದಳು. "ಅತ್ತೆ, ಉಣುಗು ಕಚ್ಚಿ ಲೈಮ್ ಡಿಸೀಸ್ ಅಂತ ಬರ್ತದಂತೆ. ಬೇಗ ಡಾಕ್ಟ್ರಿಗೆ ತೋರ್ಸಿ."

ಲೈಮ್ ಎಂದರೆ ನನಗೆ ಸುಣ್ಣ. ಹುಳುವಿಗೆ ಬರುವ ಕಾಯಿಲೆಗಳಲ್ಲಿ ಸುಣ್ಣಕಟ್ಟು ಎಂದು ಒಂದಿದೆ. ಬೂಷ್ಟು ಹತ್ತಿ, ಹುಳು ಸತ್ತು, ಸೀಮೆಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಗಟ್ಟಿಯಾಗುತ್ತದೆ. ಬಿಳಿಚಿಕೊಂಡಿದ್ದ ಆ ವಸಡು ನೋಡುತ್ತಾ ನನಗೆ ಅದೇ ಹೊಳೆಯಿತು. ಹುಳುವಿಗೆ ಉದುರಿಸಿದ ಸುಣ್ಣ ನನ್ನ ಸೀರೆಗೆ ಹತ್ತಿ, ಅದನ್ನು ಇವನು ನೆಕ್ಕಿ, ನಾನೇ ಇವನಿಗೆ ಕಾಯಿಲೆ ತಂದೆನೇ ಎಂದು ಹೆದರಿದೆ. ಈಗ ನಗು ಬರುತ್ತದೆ. ಆವತ್ತು ನಗು ಎಲ್ಲಿತ್ತು? ಎರಡು ಆಟೋದವರಿಗೆ ಫೋನು ಮಾಡಿದೆ. ರಕ್ತ ಬರುತ್ತಿರುವ ನಾಯಿ ಎಂದ ಕೂಡಲೇ ಒಬ್ಬ ಬಾಡಿಗೆ ಇದೆ ಎಂದ, ಇನ್ನೊಬ್ಬ ಇಟ್ಟೇಬಿಟ್ಟ.

ಕೆಂಚನನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋಗಿ ನಿಂತೆ. ಆಚೆ ಪುಟ್ಟಸ್ವಾಮಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವನ ಹೆಸರು ನನ್ನ ಬಾಯಿಂದ ಹೊರಡಲಿಲ್ಲ.

"ಲೇ" ಎಂದೆ.

ತಿರುಗಿದ. ನನ್ನ ಮುಖ ನೋಡಲಿಲ್ಲ, ಕೈಲಿದ್ದ ನಾಯಿ ನೋಡಿದ. ಹುಲ್ಲಿನ ಕಂತೆ ಅಲ್ಲೇ ಬಿಸಾಕಿ, ಒಂದು ಮಾತೂ ಕೇಳದೆ ಮೊಪೆಡ್ ತೆಗೆದ. ನಾನು ಹಿಂದೆ ಕೂತು ಕೆಂಚನನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡೆ. ಹಾಗೇ ಮದ್ದೂರು ಮುಟ್ಟಿದೆವು.

ಕ್ಲಿನಿಕ್ಕಿನಲ್ಲಿ ಇದ್ದದ್ದು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಡಾಕ್ಟರು. ಚೀಟಿ ಬರೆಯಲು ಹೆಸರು ಕೇಳಿದರು.

"ಕೆಂಚ" ಎಂದೆ ನಾನು.

"ರಾಕಿ" ಎಂದ ಅವನು, ಅದೇ ಉಸಿರಿಗೆ.

ಡಾಕ್ಟರು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡಿ, ಎರಡನ್ನೂ ಬರೆದುಕೊಂಡರು. ಆ ಚೀಟಿ ನನ್ನ ಹತ್ತಿರ ಇದೆ. ಕೆಂಚ ರಾಕಿ ಎಂದೇ ಇದೆ, ಅಪ್ಪನ ಹೆಸರು ಸೇರಿಸಿ ಬರೆದ ಹಾಗೆ.

ಥರ್ಮಾಮೀಟರ್ ಇಟ್ಟು ನೋಡಿದರು. ಕಣ್ಣಿನ ರೆಪ್ಪೆ ಮಡಚಿದರು, ಹೊಟ್ಟೆ ಒತ್ತಿದರು, ಕಿವಿಯೊಳಗಿಂದ ಉಣುಗು ಕಿತ್ತು ಟ್ರೇಗೆ ಹಾಕಿದರು.

"ಎಷ್ಟು ದಿನದಿಂದ ಊಟ ಬಿಟ್ಟಿದಾನೆ?"

"ಮೂರನೇ ದಿನ."

"ಮೂರು ದಿನದಿಂದ ಯಾಕೆ ತರಲಿಲ್ಲ ಅಮ್ಮ?"

"ಜ್ವರ ಅಂದ್ಕಂಡೆ."

"ಜ್ವರ ಅಂತ ಗೊತ್ತಾಗಿಯೂ ತರಲಿಲ್ವಾ?"

ಪುಟ್ಟಸ್ವಾಮಿ ಕೆಳಗೆ ನೋಡುತ್ತಿದ್ದ. ಅವನೂ ಹುಳು ಮನೆಯಲ್ಲೇ ಬೆಳೆದವನು. ನನ್ನ ತಪ್ಪು ಎಂಥದ್ದೆಂದು ಆ ರೂಮಿನಲ್ಲಿ ಅವನೊಬ್ಬನಿಗೆ ಅರ್ಥವಾಗಿತ್ತು. "ಉಳ ಸಾಕೋರು ಮೇಡಂ" ಎಂದ. ಡಾಕ್ಟರಿಗೆ ಅದು ಉತ್ತರ ಎನ್ನಿಸಲಿಲ್ಲ.

ರಕ್ತ ತೆಗೆದು ಪರೀಕ್ಷೆಗೆ ಮಂಡ್ಯಕ್ಕೆ ಕಳಿಸಿದರು. ರಿಪೋರ್ಟ್ ಬರುವ ಮುಂಚೆಯೇ ಡ್ರಿಪ್ ಹಾಕಿ, ಇಂಜೆಕ್ಷನ್ ಶುರು ಮಾಡಿದರು. ನಾನು ಧೈರ್ಯ ಮಾಡಿ ಲೈಮ್ ಎಂದು ಕೇಳಿದೆ. ಸುಣ್ಣದಿಂದ ಬಂತಾ ಎಂದೂ ಕೇಳಿದೆ. ಅವರು ನಗಲಿಲ್ಲ, ಅದಕ್ಕೆ ಅವರ ಬಗ್ಗೆ ನನಗೆ ಗೌರವ ಹುಟ್ಟಿತು. "ಸುಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ. ಲೈಮ್ ಅಂದರೆ ಯಾವುದೋ ಊರಿನ ಹೆಸರು. ಅದೂ ಉಣುಗಿನಿಂದಲೇ ಬರೋದು, ಹೊರದೇಶಗಳ ನಾಯಿಗಳಲ್ಲಿ ಜಾಸ್ತಿ. ನಮ್ಮ ಕಡೆ ಬರೋದು ಬೇರೆ. ಟಿಕ್ ಫೀವರ್ ಅಂತೀವಿ. ಉಣುಗು ರಕ್ತ ಕುಡಿಯುವಾಗ ಒಂದು ಕ್ರಿಮಿ ಒಳಗೆ ಬಿಡುತ್ತೆ. ಅದು ಪ್ಲೇಟ್‌ಲೆಟ್ ತಿಂದುಹಾಕುತ್ತೆ. ಅದಕ್ಕೇ ಮೂಗಲ್ಲಿ ರಕ್ತ."

"ಬದುಕ್ತಾನಾ?"

"ಲೇಟಾಗಿದೆ. ನೋಡೋಣ."

ಲೇಟಾಗಿದೆ ಎಂಬ ಆ ಮಾತನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ.

ಡಾಕ್ಟರು ಇನ್ನೂ ಎರಡು ವಿಷಯ ಹೇಳಿದ್ದರು. ಐದು ದಿನ, ದಿನಾ ಕರೆದುಕೊಂಡು ಬರಬೇಕು. ಇನ್ನೊಂದು, ಉಣುಗು ಸಾಯಲು ಅವನ ಕತ್ತಿನ ಹಿಂದೆ ಔಷಧಿ ಬಿಟ್ಟಾಗಿದೆ, ಹುಳು ಸಾಕುವವರು ಅವನನ್ನು ಮುಟ್ಟಬಾರದು, ಹುಳು ಮನೆಯ ಹತ್ತಿರ ಬಿಡಬಾರದು. ನನ್ನ ಹುಳು ಗೂಡು ಕಟ್ಟುವ ಮುಂಚಿನ ಐದನೇ ಹಂತದಲ್ಲಿದ್ದವು. ಆ ಏಳು ದಿನ ಹುಳು ತಿನ್ನುವ ಸೊಪ್ಪು ಅದಕ್ಕಿಂತ ಮುಂಚೆ ಅದರ ಆಯುಸ್ಸಿನಲ್ಲೇ ತಿಂದಿರುವುದಿಲ್ಲ. ದಿನಕ್ಕೆ ನಾಲ್ಕು ಸಲ ಸೊಪ್ಪಿನ ಕಡ್ಡಿ ಕೊಯ್ಯಬೇಕು, ಹೊರಬೇಕು, ಹಾಸಬೇಕು. ಬಿಟ್ಟು ಹೋಗುವ ಹಾಗಿಲ್ಲ.

ಕೆಂಚನನ್ನು ಮುಂದೆ ಕಾಲ ಬಳಿ ಮಲಗಿಸಿಕೊಂಡು ಬಂದ ಪುಟ್ಟಸ್ವಾಮಿ ಮನೆ ಮುಂದೆ ಮೊಪೆಡ್ ನಿಲ್ಲಿಸಿ, ನನ್ನ ಕಡೆ ನೋಡದೆ ಹೇಳಿದ. "ಸೊಪ್ಪು ನಾನಾಕ್ತೀನಿ. ನಾಯಿ ಕರ್ಕಂಡು ನೀನೋಗು."

"ಬ್ಯಾಡ" ಎಂದೆ. ಯೋಚನೆ ಮಾಡುವ ಮುಂಚೆಯೇ ಬಂದ ಮಾತು. ಔಷಧಿ ಹೊಡೆಯುವ ಕೈ ನನ್ನ ಹುಳು ಮನೆಯ ಬಾಗಿಲು ಮುಟ್ಟುವುದೇ?

ಅವನ ಮುಖ ಸಣ್ಣದಾಯಿತು. "ಅಂಗಾರೆ ನಾಯಿನ ನಾನ್ ಓಯ್ತೀನಿ. ನಮ್ಮನೇಲೇ ಇರ್ಲಿ ಬುಡು" ಎಂದು ಕೆಂಚನನ್ನು ಎತ್ತಿಕೊಂಡು ಒಳಗೆ ಹೋದ.

ಮರುದಿನದಿಂದ ಅವನು ದಿನಾ ಬೆಳಿಗ್ಗೆ ಟೊಮೇಟೊ ಕ್ರೇಟಿಗೆ ಹಳೇ ಕಂಬಳಿ ಹಾಸಿ, ಅದರೊಳಗೆ ಕೆಂಚನನ್ನು ಮಲಗಿಸಿ, ಮೊಪೆಡ್ಡಿನ ಮುಂದೆ ಕಟ್ಟಿಕೊಂಡು ಮದ್ದೂರಿಗೆ ಹೋಗುತ್ತಿದ್ದ. ನಾನು ಸೊಪ್ಪಿನ ಹೊರೆ ತಲೆಮೇಲೆ ಇಟ್ಟುಕೊಂಡು ದೂರದಿಂದ ನೋಡುತ್ತಿದ್ದೆ. ಮಧ್ಯಾಹ್ನ ವಾಪಸು ಬಂದಾಗ ಗೋಡೆಯ ಆಚೆಯಿಂದ ಒಂದು ವಾಕ್ಯ ಬೀಳುತ್ತಿತ್ತು. "ಒಂದು ಬಾಟ್ಲು ಆಕುದ್ರು." "ಜರ ಇಳ್ದದೆ." "ರಿಪೋಟು ಬಂತು, ಅದೇಯ." ನಾನು ಊಂ ಎನ್ನುತ್ತಿದ್ದೆ. ಇಷ್ಟೇ ನಮ್ಮ ಮಾತು.

ಆ ದಿನಗಳ ಒಂಟಿತನವನ್ನು ಹೇಗೆ ಬರೆಯಲಿ. ಗಂಡ ಸತ್ತಾಗ ಮನೆ ತುಂಬಾ ಜನ ಇದ್ದರು, ತಿಥಿಯವರೆಗೂ ಯಾರೋ ಒಬ್ಬರು ಅಡುಗೆ ಮಾಡಿ ಬಡಿಸುತ್ತಿದ್ದರು. ನಾಯಿಗೆ ಹುಷಾರಿಲ್ಲ ಎಂದರೆ ಯಾರು ಬರುತ್ತಾರೆ? ಹೇಳಿಕೊಂಡರೆ ನಗುತ್ತಾರೆ. ಹುಳು ಮನೆಗಂತೂ ಹೊರಗಿನವರು ಕಾಲಿಡುವುದಿಲ್ಲ, ನಾನೇ ಇಡಲು ಬಿಡುವುದಿಲ್ಲ. ಬಾಗಿಲ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಕೆಂಚ ಮಲಗುತ್ತಿದ್ದ. ಒಳಗೆ ಬರಬಾರದು ಎಂದು ಅವನಿಗೆ ಗೊತ್ತಿತ್ತು. ನಾನು ಒಳಗಿಂದ ಏನಾದರೂ ಗೊಣಗಿದರೆ ಹೊರಗೆ ಬಾಲ ನೆಲಕ್ಕೆ ಬಡಿಯುವುದು ಕೇಳಿಸುತ್ತಿತ್ತು. ಈಗ ನಾನು ಗೊಣಗಿದರೆ ಹುಳು ಸೊಪ್ಪು ಕಡಿಯುವ ಸದ್ದು ಬಿಟ್ಟು ಬೇರೆ ಇಲ್ಲ. ಮೂರು ದಿನ ಒಲೆ ಹಚ್ಚಲಿಲ್ಲ. ಬಾಳೆಹಣ್ಣು, ನೀರು, ಯಾವಾಗಲೋ ಒಂದು ಲೋಟ ಕಾಫಿ. ಒಬ್ಬಳಿಗಾಗಿ ಮುದ್ದೆ ಕೂಡಿಸುವುದು ಎಷ್ಟು ಬೇಸರದ ಕೆಲಸ ಎಂದು ಆಗ ಗೊತ್ತಾಯಿತು. ಇಷ್ಟು ವರ್ಷ ನಾನು ಒಲೆ ಹಚ್ಚುತ್ತಿದ್ದುದೇ ಅವನ ಮುದ್ದೆಗೋಸ್ಕರ.

ಔಷಧಿ ಶುರುವಾದ ನಾಲ್ಕನೇ ದಿನ ಪುಟ್ಟಸ್ವಾಮಿ ಬೇಗ ಬಂದ. ಕ್ರೇಟು ಖಾಲಿ ಇತ್ತು.

ನನ್ನ ತಲೆಯ ಮೇಲಿದ್ದ ಹೊರೆ ಜಾರಿ ಬಿತ್ತು.

"ಸತ್ತಿಲ್ಲ ಕಣಕ್ಕ" ಎಂದ ಅವನು ಗೋಡೆಯ ಹತ್ತಿರ ಓಡಿಬಂದು. "ಮತ್ತೆ ಮೂಗಲ್ಲಿ ರಕ್ತ ಬತ್ತಾ ಅದೆ. ಸಂಜೆಗಂಟ ಅಲ್ಲೇ ಇರ್ಲಿ ಅಂದ್ರು. ಇವತ್ತು ದಾಟ್ಬೇಕು ಅಂದ್ರು."

"ಅಲ್ಲಿ ಯಾರವ್ರೆ ಅವನ್ ಜೊತೆ?"

"ಯಾರಿಲ್ಲ."

ಯಾರಿಲ್ಲ. ಆ ಮಾತು ನನಗೆ ಎಲ್ಲಿ ಚುಚ್ಚಿತೆಂದು ನನಗೇ ಗೊತ್ತು. ಮೂರು ದಿನ ಗೋಣಿಚೀಲದ ಕೆಳಗೆ ಅವನನ್ನು ಒಬ್ಬನನ್ನೇ ಬಿಟ್ಟಿದ್ದೆ. ಈಗ ಸಾಯುವಾಗಲೂ ಗುರುತಿಲ್ಲದ ರೂಮಿನಲ್ಲಿ, ಕಬ್ಬಿಣದ ಟೇಬಲಿನ ಮೇಲೆ, ಒಬ್ಬನೇ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹುಳು ಮನೆಯ ಬೀಗದ ಕೈ ತೆಗೆದು ಗೋಡೆಯ ಮೇಲೆ ಇಟ್ಟೆ.

ಪುಟ್ಟಸ್ವಾಮಿ ಬೀಗದ ಕೈ ನೋಡಿದ, ಮುಟ್ಟಲಿಲ್ಲ. "ನಾನು ಮೊನ್ನೆ ಬದನೆಗೆ ಔಸದಿ ಒಡ್ದಿವ್ನಿ ಕಣಕ್ಕ, ನಾಯೀನೂ ಮುಟ್ಟಿವ್ನಿ. ಒಂದ್ ಗಳಿಗೆ ತಡಿ" ಎಂದ. ಒಳಗೆ ಹೋಗಿ ಸೀಗೆಪುಡಿ ಹಾಕಿ ತಲೆಯಿಂದ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಮೊಣಕೈವರೆಗೆ ಬ್ಲೀಚಿಂಗ್ ನೀರಿನಲ್ಲಿ ತೊಳೆದುಕೊಂಡು ಬಂದು, ಎರಡೂ ಕೈ ಚಾಚಿ ನನಗೆ ತೋರಿಸಿದ. ಚಿಕ್ಕವನಿದ್ದಾಗ ಊಟಕ್ಕೆ ಕೂರುವ ಮುಂಚೆ ಅವ್ವನಿಗೆ ಹೀಗೆಯೇ ತೋರಿಸುತ್ತಿದ್ದ. ನಾನು ಬಸ್ಸಿಗೆ ನಡೆದೆ.

ಕ್ಲಿನಿಕ್ಕಿನಲ್ಲಿ ಕೆಂಚ ಕಣ್ಣು ಮುಚ್ಚಿ ಮಲಗಿದ್ದ. ಕಾಲಿಗೆ ಸೂಜಿ, ಮೂಗಿಗೆ ಹತ್ತಿ. ಡಾಕ್ಟರು "ಅಮ್ಮ, ಔಷಧಿ ಹಾಕಿದೀವಿ, ನೀವು ಮುಟ್ಟೋ ಹಾಗಿಲ್ಲ, ನಿಮ್ಮ ಹುಳಕ್ಕೆ..." ಎಂದರು.

"ಸಾಯ್ಲಿ ಬುಡಿ" ಎಂದೆ.

ಆ ಮಾತು ನನ್ನ ಬಾಯಿಂದ ಬಂತು ಎಂದರೆ ನಮ್ಮೂರಿನಲ್ಲಿ ಯಾರೂ ನಂಬುವುದಿಲ್ಲ. ಟೇಬಲಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತು ಅವನ ತಲೆಯನ್ನು ಕೈಮೇಲೆ ಇಟ್ಟುಕೊಂಡೆ. ಮೊದಲಿಗಿಂತ ಹಗುರವಾಗಿತ್ತು. ಮಧ್ಯಾಹ್ನದಿಂದ ಸಂಜೆ ಐದರವರೆಗೆ ಹಾಗೇ ಕೂತಿದ್ದೆ. ಹಸು ಹಿಡಿದುಕೊಂಡು ಬಂದವರು, ಮೇಕೆ ತಂದವರು ಬಾಗಿಲಲ್ಲಿ ಇಣುಕಿ ನೋಡಿ ಹೋದರು. ನಾನು ಅವನಿಗೆ ತಪ್ಪಾಯ್ತು ಕಣಪ್ಪ ಎಂದೆ. ಒಂದಲ್ಲ, ಹತ್ತು ಸಲ ಎಂದೆ. ಮನುಷ್ಯರ ಹತ್ತಿರ ಆ ಮಾತು ನಾನು ಆಡಿದ್ದು ನೆನಪಿಲ್ಲ. ನನ್ನ ಬಾಯಿ ಅಷ್ಟು ಒರಟು.

ಐದು ಗಂಟೆಗೆ ಡಾಕ್ಟರು ಹತ್ತಿ ತೆಗೆದರು. ರಕ್ತ ನಿಂತಿತ್ತು. ಬಟ್ಟಲಿನಲ್ಲಿ ಸ್ವಲ್ಪ ನೀರು ಹಿಡಿದರೆ ನಾಲಿಗೆ ಚಾಚಿ ಎರಡು ಸಲ ನೆಕ್ಕಿದ. ಅಷ್ಟಕ್ಕೇ ನಾನು ಅತ್ತುಬಿಟ್ಟೆ. ಡಾಕ್ಟರು ನನ್ನ ಭುಜ ತಟ್ಟಿ "ಇನ್ನೂ ಏನೂ ಹೇಳೋಕಾಗಲ್ಲ" ಎಂದರು. ಆದರೆ ಅವರ ಮುಖವೂ ಮಧ್ಯಾಹ್ನದ ಹಾಗಿರಲಿಲ್ಲ.

ಪುಟ್ಟಸ್ವಾಮಿ ಕ್ರೇಟು ಕಟ್ಟಿಕೊಂಡು ಬಂದು ನಾಯಿಯನ್ನು ಕರೆದೊಯ್ದ. ನಾನು ಹಿಂದೆಯೇ ಬಸ್ಸಿಗೆ ಬಂದೆ. ನಾಯಿ ಮುಟ್ಟಿದ ಕೈಯಲ್ಲಿ ಹುಳು ಮನೆಗೆ ಹೋಗುವ ಹಾಗಿರಲಿಲ್ಲವಲ್ಲ, ಬಾಗಿಲ ಹೊರಗೆ ನಿಂತು ಕಿವಿಗೊಟ್ಟೆ. ಒಳಗೆ ಹುಳು ತಿನ್ನುತ್ತಿದ್ದವು. ಮರುದಿನ ಮೈಕೈ ತೊಳೆದು ಬಟ್ಟೆ ಬದಲಿಸಿ ಒಳಗೆ ಹೋಗಿ ನೋಡಿದರೆ, ಸೊಪ್ಪನ್ನು ಅಂಚಿನವರೆಗೆ ಸಮನಾಗಿ ಹಾಸಿದ್ದ, ಅಪ್ಪ ಕಲಿಸಿದ ಹಾಗೆ. ನಾನು ಈಚೆಗೆ ಅವಸರದಲ್ಲಿ ಹಾಗೆ ಹಾಸುತ್ತಿರಲಿಲ್ಲ. ಒಂದು ಹುಳುವೂ ಸತ್ತಿರಲಿಲ್ಲ.

ಅವನಿಗೆ ನಾನು ಥ್ಯಾಂಕ್ಸ್ ಹೇಳಲಿಲ್ಲ. ಅವನು ಹಳೆಯದನ್ನು ಎತ್ತಲಿಲ್ಲ. ನಮ್ಮ ಕಡೆಯ ಜನ ಹೀಗೆಯೇ, ಜಗಳಕ್ಕೆ ಇರುವಷ್ಟು ಮಾತು ರಾಜಿಗೆ ಇರುವುದಿಲ್ಲ.

ಆಮೇಲಿನದ್ದು ನಿಧಾನ. ಮಾರನೇ ದಿನ ಮೊಸರು ನೆಕ್ಕಿದ. ಇನ್ನೆರಡು ದಿನಕ್ಕೆ ಎದ್ದು ನಿಂತು, ಕಾಲು ನಡುಗಿ ಕೂತ. ಅಮ್ಮಣ್ಣಿ ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ ಬಂದು ಅವನ ಹಣೆಗೂ ವಿಭೂತಿ ಇಟ್ಟಿದ್ದಳು. ಗೋಡೆಯ ಮೇಲಿಂದ ನೋಡಿ ನಗು ಬಂತು. ನನ್ನ ಹುಳು ಹಣ್ಣಾಗಿ, ಬಿದಿರಿನ ತಟ್ಟಿಯಾದ ಚಂದ್ರಿಕೆಗೆ ಏರಿ, ಗೂಡು ಕಟ್ಟಿ, ಮಾರಾಟಕ್ಕೆ ಹೋದ ಮೇಲೆ ಅವನನ್ನು ಮನೆಗೆ ಕರೆದುಕೊಂಡು ಬಂದೆ. ಬಂದವನೇ ಹುಳು ಮನೆಯ ಬಾಗಿಲಿಗೆ ಹೋಗಿ ಚಪ್ಪಲಿ ಬಿಡುವ ಜಾಗದಲ್ಲಿ ಮಲಗಿದ.

ನಾಲ್ಕು ವಾರ ಮಾತ್ರೆ ನುಂಗಿಸಿದ್ದಾಯಿತು. ಮೊದಲು ಊಟ, ಆಮೇಲೆ ಮಾತ್ರೆ, ಬರೀ ಹೊಟ್ಟೆಗೆ ಕೊಟ್ಟರೆ ಕಕ್ಕುತ್ತಾನೆ. ಡಾಕ್ಟರು ಮನೆಗೂ ಔಷಧಿ ಹೊಡೆಯಬೇಕು ಎಂದಿದ್ದರು, ಉಣುಗು ಗೋಡೆಯ ಸಂದಿಯಲ್ಲಿ ಮೊಟ್ಟೆ ಇಡುತ್ತದಂತೆ. ನಾನು ಒಪ್ಪಲಿಲ್ಲ. ಈ ಸಲ ಚಾಕಿ, ಅಂದರೆ ಮರಿ ಹುಳು, ತರದೆ ಒಂದು ಬೆಳೆ ಬಿಟ್ಟು, ಜಗಲಿಯ ಸಂದಿಗಳಿಗೆಲ್ಲ ಬೆಂಕಿ ಗನ್ ಹಿಡಿದು ಸುಟ್ಟು, ಸಿಮೆಂಟು ಮೆತ್ತಿದೆ. ಹುಳು ಮನೆ ಶುದ್ಧ ಮಾಡಲು ನಾವು ಬಳಸುವ ಪದ್ಧತಿಯೇ ಅದು. ಡಾಕ್ಟರು ಕೇಳಿ, ಅದೂ ಒಳ್ಳೆಯದೇ ಎಂದರು. ಅವನಿಗೆ ಮಾತ್ರ ಉಣುಗಿನ ಮಾತ್ರೆ ತಪ್ಪಿಸುವ ಹಾಗಿಲ್ಲ ಎಂದರು. ಅದಕ್ಕೆ ಒಪ್ಪಿದೆ. ಮುಂದೆ ಹುಳು ಇರುವ ಇಪ್ಪತ್ತು ದಿನ ಅವನು ಆಚೆ ಮನೆ, ಉಳಿದ ದಿನ ಈಚೆ ಮನೆ.

ಹೋದ ವಾರ ರಕ್ತ ಮತ್ತೆ ಪರೀಕ್ಷೆ ಮಾಡಿದರು. ಪ್ಲೇಟ್‌ಲೆಟ್ ಏರಿದೆ. "ಪೂರ್ತಿ ಹೋಯ್ತು ಅಂತ ಹೇಳಲ್ಲ. ಒಳಗೆ ಅಡಗಿ ಕೂತಿದ್ದರೆ ಮತ್ತೆ ಏಳಬಹುದು. ಒಂದು ಹೊತ್ತು ಊಟ ಬಿಟ್ಟರೂ ತಕ್ಷಣ ಕರ್ಕೊಂಡು ಬನ್ನಿ" ಎಂದರು. ಒಂದು ಹೊತ್ತು ಎಂಬುದನ್ನು ಎರಡು ಸಲ ಹೇಳಿದರು, ನನ್ನನ್ನು ನೋಡಿಕೊಂಡು.

ಅದಕ್ಕೇ ಇರಬೇಕು, ಪುಟ್ಟಸ್ವಾಮಿ ಈಗ ದಿನಾ ಬೆಳಿಗ್ಗೆ ಹಾಲು ಕರೆದು ಬರುವಾಗ ಗೋಡೆಯ ಹತ್ತಿರ ನಿಂತು ಕೇಳುತ್ತಾನೆ. "ಉಂಡ್ನಾ?" ನಾನು ಒಳಗಿಂದಲೇ "ಊಂ, ಉಂಡ" ಎನ್ನುತ್ತೇನೆ. ಅವನು ಹೋಗುತ್ತಾನೆ. ಅವನು ಕೇಳುವುದು ನಾಯಿಯನ್ನು ಎಂದು ನನಗೆ ಗೊತ್ತಿದೆ. ಆದರೂ ಬೆಳಿಗ್ಗೆ ಒಂದು ದನಿ ಈ ಮನೆಯ ಕಡೆ ತಿರುಗಿ ಎಷ್ಟೋ ವರ್ಷವಾಗಿತ್ತು. ಆ ಹೊತ್ತಿಗೆ ನಾನು ಬಾಗಿಲ ಹತ್ತಿರ ಏನಾದರೂ ಕೆಲಸ ಇಟ್ಟುಕೊಂಡಿರುತ್ತೇನೆ.

ನಿನ್ನೆಯೂ ನಿಂತು ಕೇಳಿದ. ಹಸು ಕೂಗುತ್ತಿತ್ತು, ಸರಿಯಾಗಿ ಕೇಳಿಸಲಿಲ್ಲ. ಉಂಡ್ನಾ ಎಂದನೋ, ಉಂಡ್ಯಾ ಎಂದನೋ.

ಏನಂದೆ ಎಂದು ತಿರುಗಿ ಕೇಳಲಿಲ್ಲ. ಒಲೆಯ ಮುಂದೆ ನನ್ನ ತಟ್ಟೆ ಇನ್ನೂ ಬೋರಲು ಇತ್ತು.

"ಇನ್ನೂ ಇಲ್ಲ ಕಣ್ಲಾ" ಎಂದೆ.

ಆಚೆ ಅವನು ಹೋಗಲಿಲ್ಲ. "ಉಣ್ಣು ಮತ್ತೆ, ಒತ್ತಾಯ್ತು" ಎಂದ.